ಮಂಗಳ ಹಾಡಿದ ಮೇಲೆ

ಸಂಜೆ ಆರೂವರೆ ಗಂಟೆಯ ವೇಳೆ. ಕಾಟನ್‌ಪೇಟೆಯ ಮುಖ್ಯರಸ್ತೆಯಲ್ಲಿ ಆಟೋಗಳ ಆರ್ಭಟ, ಅಂಗಡಿಗಳ ಮುಂದೆ ಇಳಿಯುತ್ತಿರುವ ಮೂಟೆಗಳು, ಕಾಲಿಡಲು ಎಡೆಯಿಲ್ಲದ ಜನಸಂದಣಿ. ಆ ಗದ್ದಲವನ್ನು ಹಿಂದಿಕ್ಕಿ ಪಕ್ಕದ ಅಡ್ಡರಸ್ತೆಗೆ ಹೊರಳಿದರೆ ಬೇರೊಂದು ಲೋಕವೇ ಎದುರಾಗುವುದುಂಟು. ಜಮಖಾನ ಹಾಸಿದ ಹಜಾರ, ಮೂಲೆಯಲ್ಲಿ ಹಾರ್ಮೋನಿಯಂ, ಗೋಡೆಗೆ ಒರಗಿ ಕುಳಿತ ನಾಲ್ಕಾರು ಮಂದಿ ವೃದ್ಧರು, ಮುಂದಿನ ಸಾಲಿನಲ್ಲಿ ತಾಳ ಹಿಡಿಯಲು ಪೈಪೋಟಿ ನಡೆಸುವ ಮಕ್ಕಳು. ಬೆಂಗಳೂರಿನ ಹಳೆಯ ಪೇಟೆಗಳಲ್ಲಾಗಲಿ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಾಗಲಿ ಈ ದೃಶ್ಯವನ್ನು ಕಾಣದವರಾರು?

ಇಂಥ ಹಜಾರವೊಂದಕ್ಕೆ ನಲಿಯುತ್ತ ಬರುತ್ತಿದ್ದ ಒಂಬತ್ತು ವರ್ಷದ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಒಂದು ಸಂಜೆ ಅಜ್ಜಿ ಹೊರಟು ನಿಂತರೂ ಆಕೆ ಮೂಲೆ ಹಿಡಿದು ಕುಳಿತಿದ್ದಾಳೆ.

"ಏಕಮ್ಮಾ, ಭಜನೆಗೆ ಹೊತ್ತಾಯಿತು. ಏಳು, ತಲೆ ಬಾಚಿಕೊ."

"ನಾನು ಬರುವುದಿಲ್ಲ, ಅಜ್ಜಿ. ಹೊಟ್ಟೆನೋವು."

"ನಿನ್ನೆಯೂ ಹೊಟ್ಟೆನೋವೆಂದೆಯಲ್ಲೆ! ಮೇಷ್ಟರು ಏನೆಂದುಕೊಂಡಾರು? ಎಲ್ಲರೂ ಹೋದ ಮೇಲೆ ನಿನಗೊಬ್ಬಳಿಗೇ ಬೇರೆ ಪಾಠ ಹೇಳಿಕೊಡುತ್ತಿದ್ದಾರೆ. ಅಂಥ ಭಾಗ್ಯ ಎಷ್ಟು ಮಕ್ಕಳಿಗುಂಟು?"

ಮಗು ಉತ್ತರ ಕೊಡುವುದಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸುತ್ತದೆ.

ಇದು ಯಾರ ಮನೆಯ ಕಥೆಯೂ ಅಲ್ಲ; ಕೇವಲ ಕಲ್ಪನೆಯ ಚಿತ್ರ. ಆ ಮೌನದ ಹಿಂದೆ ನಿಜವಾದ ಹೊಟ್ಟೆನೋವೇ ಇರಬಹುದು. ಗೆಳತಿಯೊಡನೆ ಆದ ಜಗಳವಿರಬಹುದು. ಬರಿಯ ಸೋಮಾರಿತನವೂ ಇರಬಹುದು. ಆದರೆ ಹೇಳಲು ಬಾಯಿ ಬಾರದ ಬೇರೊಂದು ಸಂಗತಿಯೂ ಇರಬಹುದಲ್ಲವೆ? ಆ ಒಂದು ಸಾಧ್ಯತೆಯನ್ನು ಕುರಿತು ಮನೆಯ ಹಿರಿಯರೂ ಭಜನಾ ಮಂಡಲಿಗಳನ್ನು ನಡೆಸುವ ಸಜ್ಜನರೂ ಯೋಚಿಸಬೇಕಾಗಿದೆ.

ನಂಬಿಕೆಯ ನೆಲೆ

ಹಳೆಯ ಪೇಟೆಗಳ ಬಾಳು ನಿಂತಿರುವುದೇ ನಂಬಿಕೆಯ ಮೇಲೆ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಬೆಂಗಳೂರು ಕರಗವು ಕಾಟನ್‌ಪೇಟೆಯಲ್ಲಿರುವ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬಂದು ಗೌರವ ಸಲ್ಲಿಸಿ ಮುಂದುವರಿಯುತ್ತದೆ. ಮತ ಬೇರೆಯಾದರೂ ನೆರೆಹೊರೆಯವರು ಪರಸ್ಪರ ಇಟ್ಟುಕೊಂಡಿರುವ ವಿಶ್ವಾಸಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ.

ಸಂಗೀತದ ಸಂಗತಿಯೂ ಹಾಗೆಯೇ. ಬೆಂಗಳೂರು ಗಾಯನ ಸಮಾಜವು 1905ರಲ್ಲಿ ಆರಂಭವಾಯಿತು. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಲಿಯು 1939ರಲ್ಲಿ ಮೊದಲ್ಗೊಂಡು ರಾಮನವಮಿಯ ಸಂಗೀತೋತ್ಸವವನ್ನು ನಾಡಿನಾಚೆಗೂ ಹೆಸರಾಗುವಂತೆ ಬೆಳೆಸಿತು. ಈ ದೊಡ್ಡ ಸಭೆಗಳ ನೆರಳಿನಲ್ಲಿ ಹೆಸರಿಲ್ಲದ ಎಷ್ಟೋ ಸಣ್ಣ ಕೂಟಗಳು ಬೆಳೆದುವು: ಶ್ರಾವಣ ಶನಿವಾರದ ಭಜನೆ, ಏಕಾದಶಿಯ ಕೀರ್ತನೆ, ಗಣೇಶೋತ್ಸವದ ಚಪ್ಪರದಲ್ಲಿ ಮಕ್ಕಳ ಗಾಯನ, ಬೇಸಗೆಯ ರಜೆಯಲ್ಲಿ ದೇವರನಾಮದ ಪಾಠ. ಇಲ್ಲಿ ಟಿಕೆಟ್ಟಿಲ್ಲ, ಪರೀಕ್ಷೆಯಿಲ್ಲ. ಕಂಠವಿದ್ದವರೂ ಇಲ್ಲದವರೂ ಸಮಾನರು. ಒಂಟಿಯಾಗಿರುವ ವೃದ್ಧೆ, ಕಣ್ಣಿಲ್ಲದ ಯುವಕ, ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಮಗು, ಮರೆವಿನ ಕಾಯಿಲೆಯ ತಾತ, ಇವರೆಲ್ಲರಿಗೂ ಒಂದೇ ಜಮಖಾನದ ಮೇಲೆ ಎಡೆಯುಂಟು.

ಯಾರನ್ನೂ ಹೊರಗಿಡದಿರುವುದೇ ಈ ಕೂಟಗಳ ಹಿರಿಮೆ. ಆದರೆ ಬಂದವರಾರೆಂದು ವಿಚಾರಿಸದೆ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಮನೆಯಲ್ಲಿ, ತಮ್ಮನ್ನು ತಾವು ಕಾಪಾಡಿಕೊಳ್ಳಲಾರದವರ ರಕ್ಷಣೆಗೆ ಯಾರು ಹೊಣೆ? ಎಲ್ಲರೂ ಹೊಣೆಯೆಂದರೆ ಒಬ್ಬರೂ ಹೊಣೆಯಲ್ಲವೆಂದೇ ಅರ್ಥವಾಗುವುದು ಲೋಕರೂಢಿ.

ಬೇಲಿಯೇ ಎದ್ದು ಹೊಲ ಮೇಯ್ದರೆ

ಕೇಡು ಯಾವಾಗಲೂ ಅಪರಿಚಿತನ ರೂಪದಲ್ಲಿ ಬರುವುದೆಂಬುದು ಸಾಮಾನ್ಯ ಭಾವನೆ. ವಸ್ತುಸ್ಥಿತಿ ಬೇರೆ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಹದಿಮೂರು ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅವರಲ್ಲಿ ನೂರಕ್ಕೆ 53 ಮಂದಿ ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದುದಾಗಿ ತಿಳಿಸಿದರು. ಹಾಗೆ ನಡೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಇಲ್ಲವೆ ನಂಬಿಕೆಯ ಸ್ಥಾನದಲ್ಲಿದ್ದವರು. ಎಲ್ಲಕ್ಕಿಂತ ಸಂಕಟದ ಸಂಗತಿಯೆಂದರೆ, ಬಹುಪಾಲು ಮಕ್ಕಳು ಅದನ್ನು ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

ಮಗು ಹೇಳುವುದಾದರೂ ಹೇಗೆ? ಯಾರ ಕಾಲಿಗೆ ನಮಸ್ಕರಿಸೆಂದು ಮನೆಯವರೇ ಕಲಿಸಿದ್ದಾರೋ, ಯಾರ ಹಾಡಿಗೆ ಊರೇ ತಲೆದೂಗುವುದೋ, ಅಂಥವರ ವಿರುದ್ಧ ಮಾತಾಡಿದರೆ ತನ್ನನ್ನು ನಂಬುವವರು ಯಾರೆಂಬ ಶಂಕೆ ಎಳೆಯ ಮನಸ್ಸನ್ನು ಕಟ್ಟಿಹಾಕುತ್ತದೆ. ಸಂಗೀತದಲ್ಲಂತೂ ಗುರುವಿನ ಸ್ಥಾನ ದೊಡ್ಡದು. ಶಿಷ್ಯನು ಗುರುವಿನ ಮನೆಯಲ್ಲಿಯೇ ಇದ್ದು ವಿದ್ಯೆ ಪಡೆಯುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಬಂದದ್ದು; ವಿದ್ಯೆಯೊಡನೆ ಕಛೇರಿಯ ಅವಕಾಶವೂ ಗುರುವಿನ ಕೃಪೆಯನ್ನೇ ಅವಲಂಬಿಸಿರುತ್ತದೆ.

ಈ ಪದ್ಧತಿಯು ಎಷ್ಟು ಉದಾತ್ತವಾಗಿರಬಲ್ಲದೆಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ನಿದರ್ಶನ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧರಿಗೂ ಅನಾಥರಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು, 2010ರಲ್ಲಿ ಕಣ್ಮುಚ್ಚುವವರೆಗೂ ನಡೆಸಿದರು. ಲೋಕವು ಭಿಕ್ಷೆಗೆ ದೂಡಬಹುದಾಗಿದ್ದ ಎಷ್ಟೋ ಮಕ್ಕಳು ಅಲ್ಲಿ ಕಲಿತು ಗಾಯಕರಾದರು, ವಾದಕರಾದರು. ದುರ್ಬಲರಿಗೆ ಸಂಗೀತದ ಬಾಗಿಲನ್ನು ತೆರೆಯುವುದು ಎಂಥ ಪುಣ್ಯಕಾರ್ಯವೆಂಬುದನ್ನು ಕನ್ನಡನಾಡು ಹೀಗೆ ಕಣ್ಣಾರೆ ಕಂಡಿದೆ.

ಆದರೆ ಒಬ್ಬ ಗುರುವಿನ ಪುಣ್ಯವು ಇನ್ನೊಬ್ಬ ಗುರುವಿಗೆ ಜಾಮೀನಾಗಲಾರದು. 2018ರಲ್ಲಿ ಕರ್ನಾಟಕ ಸಂಗೀತ ಕ್ಷೇತ್ರದ ಅನೇಕ ಮಹಿಳೆಯರು ತಾವು ಅನುಭವಿಸಿದ ಕಿರುಕುಳವನ್ನು ಬಹಿರಂಗವಾಗಿ ಹೇಳತೊಡಗಿದರು. ಆರೋಪಗಳು ಕೇಳಿಬಂದ ಹಿನ್ನೆಲೆಯಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯು ಆ ವರ್ಷದ ಡಿಸೆಂಬರ್ ಉತ್ಸವದಿಂದ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತು. 1936ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ಸ್ಥಾಪಿಸಿದ ಕಲಾಕ್ಷೇತ್ರದಲ್ಲಿ 2023ರಲ್ಲಿ ವಿದ್ಯಾರ್ಥಿಗಳೇ ಪ್ರತಿಭಟನೆಗೆ ಕುಳಿತರು. ಅಧ್ಯಾಪಕರೊಬ್ಬರ ಬಂಧನವೂ ಆಯಿತು. ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿರುವ ಚೀತಮ್ಸ್ ಸಂಗೀತಶಾಲೆಯ ಮಾಜಿ ಸಂಗೀತ ನಿರ್ದೇಶಕನಿಗೆ, ಹಿಂದೆ ತನ್ನ ವಿದ್ಯಾರ್ಥಿನಿಯಾಗಿದ್ದವಳ ಮೇಲೆ ನಡೆಸಿದ ದೌರ್ಜನ್ಯಕ್ಕಾಗಿ 2013ರಲ್ಲಿ ಸೆರೆವಾಸವಾಯಿತು. ಆ ದೇಶದ ವಿಚಾರಣಾ ಸಮಿತಿಯು 2022ರಲ್ಲಿ ವಸತಿಶಾಲೆಗಳನ್ನು ಕುರಿತು ನೀಡಿದ ವರದಿಯಲ್ಲಿ, ಒಬ್ಬರೆದುರು ಒಬ್ಬರೇ ಕುಳಿತು ನಡೆಯುವ ಸಂಗೀತಪಾಠವೂ, ಶಿಷ್ಯರ ಭವಿಷ್ಯದ ಮೇಲೆ ಗುರುವಿಗಿರುವ ಹಿಡಿತವೂ ಅಪಾಯಕ್ಕೆ ಎಡೆಮಾಡಿಕೊಡುವುದನ್ನು ಎತ್ತಿ ತೋರಿಸಲಾಯಿತು.

ಇವೆಲ್ಲವೂ ದೊಡ್ಡ ಸಂಸ್ಥೆಗಳು. ಅಲ್ಲಿ ಕಚೇರಿಯುಂಟು, ಕಡತವುಂಟು, ದೂರು ಕೇಳಲು ಸಮಿತಿಯನ್ನು ನೇಮಿಸಲು ಸಾಧ್ಯವುಂಟು. ಕಾಟನ್‌ಪೇಟೆಯ ಅಡ್ಡರಸ್ತೆಯ ಭಜನೆಯ ಮನೆಯಲ್ಲಿ ಇವುಗಳಲ್ಲಿ ಯಾವುದುಂಟು?

ಮುಪ್ಪಿನವರ ಪಾಡು

ರಕ್ಷಣೆಯೆಂದೊಡನೆ ಮಕ್ಕಳ ನೆನಪು ಬರುವುದು ಸಹಜ. ಆದರೆ ಗೋಡೆಗೆ ಒರಗಿ ಕುಳಿತ ವೃದ್ಧರೂ ಅಷ್ಟೇ ನಿಸ್ಸಹಾಯಕರು.

ಮರೆವಿನ ಕಾಯಿಲೆ ಬಲಿತವರಲ್ಲಿಯೂ ಹಾಡಿನ ನೆನಪು ಬಹುಕಾಲ ಉಳಿಯುವುದೆಂಬುದನ್ನು ವೈದ್ಯರು ಬಲ್ಲರು. ಮಗನ ಹೆಸರನ್ನು ತಡವರಿಸುವ ತಾಯಿಯು ಬಾಲ್ಯದಲ್ಲಿ ಕಲಿತ ದೇವರನಾಮವನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಹಾಡುವುದುಂಟು. ಅಂಥವರಿಗೆ ಭಜನೆಯು ಔಷಧಕ್ಕಿಂತ ಕಡಮೆಯಲ್ಲ. ಆದರೆ ಅದೇ ತಾಯಿ ಭಜನೆ ಮುಗಿದ ಮೇಲೆ ಮನೆಯ ದಾರಿಯನ್ನು ಮರೆತು ಮೈಸೂರು ರಸ್ತೆಯ ವಾಹನಗಳ ನಡುವೆ ನಿಲ್ಲಬಹುದು. ಕಾಣಿಕೆಯ ತಟ್ಟೆಗೆ ಇಂದು ಹಾಕಿದುದನ್ನು ಮರೆತು ನಾಳೆಯೂ ಹಾಕಬಹುದು. ಸವಿಮಾತಾಡುವವರು ಯಾರಾದರೂ ಕಾಗದವೊಂದನ್ನು ಚಾಚಿ ಸಹಿ ಮಾಡೆಂದರೆ, ದೇವರ ಕೆಲಸವೆಂದು ಕಣ್ಣುಮುಚ್ಚಿ ಸಹಿ ಮಾಡಲೂಬಹುದು.

ಕಣ್ಣಿಲ್ಲದವರ ಕಷ್ಟವೇ ಬೇರೆ. ಮೃದಂಗದ ಮೇಲೆ ಬೆರಳು ಎಲ್ಲಿ ಬೀಳಬೇಕೆಂದು ಅವರಿಗೆ ನೋಡಿ ಕಲಿಯಲಾಗದು. ಕೈ ಹಿಡಿದೇ ಕಲಿಸಬೇಕು. ಇಲ್ಲಿ ಸ್ಪರ್ಶವು ಪಾಠದ ಅಂಗ. ಆದುದರಿಂದಲೇ "ನಿನ್ನ ಬಲಗೈಯನ್ನು ಹಿಡಿದು ತೋರಿಸಲೆ?" ಎಂದು ಮೊದಲು ಕೇಳುವುದು, ಒಪ್ಪಿದ ಮೇಲೆಯೇ ಮುಟ್ಟುವುದು, ಅದನ್ನು ಹತ್ತು ಮಂದಿಯ ಎದುರಿಗೆ ಮಾಡುವುದು ಅವಶ್ಯ. ಒಳ್ಳೆಯ ಗುರುವಿಗೆ ಇದರಿಂದ ಕುಂದೇನೂ ಇಲ್ಲ. ಶಿಷ್ಯನಿಗಂತೂ ತನ್ನ ಮೈ ತನ್ನದೆಂಬ ಪಾಠವೂ ಜೊತೆಗೇ ಆಗುತ್ತದೆ.

ಸಣ್ಣ ಕಟ್ಟಳೆಗಳು

ಇದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ನಾಲ್ಕಾಣೆಯ ಬುದ್ಧಿಯೂ ಎರಡು ನೂರು ಪುಟದ ಒಂದು ಪುಸ್ತಕವೂ ಸಾಕು.

ಆ ಪುಸ್ತಕದಲ್ಲಿ ಬರುವ ಪ್ರತಿ ಮಗುವಿನ ಹೆಸರು, ಮನೆಯವರ ದೂರವಾಣಿ ಸಂಖ್ಯೆ, ಕರೆದೊಯ್ಯಲು ಬರುವವರು ಯಾರೆಂಬುದು ಬರೆದಿರಬೇಕು. ಮರೆವಿರುವ ವೃದ್ಧರ ಬಗೆಗೂ ಇದೇ ಕ್ರಮ. ಬರೆದಿರುವವರ ಹೊರತು ಬೇರೆ ಯಾರೇ ಬಂದು "ನಾನು ಬಿಟ್ಟುಬರುತ್ತೇನೆ" ಎಂದರೂ ಮನೆಗೆ ಫೋನು ಮಾಡಿ ಕೇಳದೆ ಕಳುಹಿಸಲಾಗದು.

ಪಾಠ ನಡೆಯುವಷ್ಟು ಹೊತ್ತೂ ಬಾಗಿಲು ತೆರೆದಿರಬೇಕು, ದೀಪ ಉರಿಯುತ್ತಿರಬೇಕು. ಮಕ್ಕಳಿರುವಲ್ಲಿ ಇಬ್ಬರು ಹಿರಿಯರಾದರೂ ಇರಬೇಕು. ಅವರಲ್ಲಿ ಒಬ್ಬರು ಹೆಂಗಸಾಗಿರುವುದು ಮೇಲು. ಬೇರೆ ಪಾಠ ಬೇಕಾದ ಮಗುವಿಗೆ ಅದೇ ಹಜಾರದ ಇನ್ನೊಂದು ಮೂಲೆಯಲ್ಲಿ, ತಾಯಿಯೋ ಅಜ್ಜಿಯೋ ಕುಳಿತಿರುವಾಗ ಹೇಳಿಕೊಡಬಹುದು. ಎಲ್ಲರೂ ಹೋದ ಮೇಲೆ ಉಳಿಯುವ ಪಾಠವು ಎಷ್ಟೇ ಪ್ರೀತಿಯದಾದರೂ ಸಲ್ಲದು.

ಇಂದಿನ ಕಾಲದಲ್ಲಿ ಮೊಬೈಲು ಫೋನು ಇನ್ನೊಂದು ಬಾಗಿಲಾಗಿದೆ. ಹಾಡಿನ ಸಾಹಿತ್ಯವನ್ನೋ ಪಾಠದ ವೇಳೆಯನ್ನೋ ತಿಳಿಸಬೇಕಾದರೆ ತಂದೆತಾಯಿಗಳಿರುವ ವಾಟ್ಸಾಪ್ ಗುಂಪಿಗೆ ತಿಳಿಸಬೇಕೇ ಹೊರತು ಮಗುವಿಗೆ ಗುಟ್ಟಾಗಿ ಸಂದೇಶ ಕಳಿಸಕೂಡದು. ಮಕ್ಕಳ ಚಿತ್ರವನ್ನಾಗಲಿ, ಕಕ್ಕಾಬಿಕ್ಕಿಯಾಗಿ ಕುಳಿತ ಮುದುಕರ ಚಿತ್ರವನ್ನಾಗಲಿ ಮನೆಯವರ ಒಪ್ಪಿಗೆಯಿಲ್ಲದೆ ತೆಗೆದು ಊರಿಗೆಲ್ಲ ಹಂಚುವುದು ಸಭ್ಯತೆಯಲ್ಲ.

ಹೊಸದಾಗಿ ಸೇವೆಗೆ ಬಂದವರನ್ನು ಆದರದಿಂದಲೇ ಬರಮಾಡಿಕೊಳ್ಳಲಿ. ಜೊತೆಗೆ ಹಿಂದೆ ಅವರು ಎಲ್ಲಿ ಹಾಡುತ್ತಿದ್ದರೆಂದು ವಿಚಾರಿಸಿ, ಅಲ್ಲಿಯವರನ್ನು ಒಂದು ಮಾತು ಕೇಳಲಿ. ಹಣದ ವಿಷಯದಲ್ಲಿ ಕಾಣಿಕೆಗೆಲ್ಲ ರಸೀದಿಯಿರಲಿ, ಲೆಕ್ಕಕ್ಕೆ ಇಬ್ಬರ ಸಹಿಯಿರಲಿ. ಮರೆವಿನವರಿಂದ ದೊಡ್ಡ ಮೊತ್ತವನ್ನೋ ಒಡವೆಯನ್ನೋ ಮನೆಯವರಿಗೆ ತಿಳಿಸದೆ ಸ್ವೀಕರಿಸದಿರಲಿ.

ಕೊನೆಯದಾಗಿ, ಮತ್ತು ಮುಖ್ಯವಾಗಿ, ತೊಂದರೆಯಾದರೆ ಯಾರೊಡನೆ ಹೇಳಬೇಕೆಂಬುದು ಮಗುವಿಗೂ ಗೊತ್ತಿರಬೇಕು. ಅಂಥ ಇಬ್ಬರನ್ನು ಮಂಡಲಿಯು ಮೊದಲೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಬೇಕು. ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಇಬ್ಬರೂ ಕಾರ್ಯದರ್ಶಿಯ ಮನೆಯವರೇ ಆಗಿರಬಾರದು.

ಮಗು ಬಾಯಿ ತೆರೆದಾಗ

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಒಂದು ದಿನ ಮಗುವೊಂದು ಬಂದು ಹೇಳಬಹುದು. ಆಗ ಹಿರಿಯರು ನಡೆದುಕೊಳ್ಳುವ ರೀತಿಯ ಮೇಲೆ ಆ ಮಗುವಿನ ಮುಂದಿನ ಬಾಳು ನಿಂತಿರುತ್ತದೆ.

"ಛೆ, ಅವರು ಅಂಥವರಲ್ಲ" ಎಂಬ ಮಾತು ಬಾಯಿಂದ ಹೊರಡಬಾರದು. "ನೀನೇಕೆ ಅಲ್ಲಿಗೆ ಹೋದೆ?" ಎಂದು ಗದರಿಸಬಾರದು. ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಡಬಾರದು. ಆ ಭಾಷೆಯನ್ನು ಉಳಿಸಿಕೊಳ್ಳಲು ಆಗದು. ಸಮಾಧಾನವಾಗಿ ಕೇಳಿ, "ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ" ಎಂದಷ್ಟು ಹೇಳಿ, ಮಗು ಆಡಿದ ಮಾತನ್ನು ಅದರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಮಗುವನ್ನೂ ಆರೋಪಕ್ಕೊಳಗಾದವರನ್ನೂ ಎದುರುಬದುರು ಕೂರಿಸಿ ಪಂಚಾಯಿತಿ ನಡೆಸುವುದು ದೊಡ್ಡ ಅನ್ಯಾಯ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯಿದೆಯು 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಹದಿನೆಂಟು ತುಂಬದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ. ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೂ ಸಜೆಯುಂಟು. ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆಯನ್ನು ನಡೆಸುವವರೇ ಇಂಥ ಕೃತ್ಯವೆಸಗಿದರೆ ಅದನ್ನು ಹೆಚ್ಚು ಘೋರವಾದ ಅಪರಾಧವೆಂದು ಕಾಯಿದೆ ಎಣಿಸುತ್ತದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯೂ ಇದೆ.

ಪೊಲೀಸ್ ಠಾಣೆಯೆಂದರೆ ಮಧ್ಯಮವರ್ಗದ ಸಂಸಾರಗಳಿಗೆ ಅಳುಕು ಸಹಜ. ಆದರೆ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ, ಸಾಧ್ಯವಿದ್ದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ಬರೆದುಕೊಳ್ಳಬೇಕೆಂದು ಕಾಯಿದೆಯೇ ವಿಧಿಸಿದೆ. ರಾತ್ರಿಯ ವೇಳೆ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಅದರ ಗುರುತನ್ನು ಪತ್ರಿಕೆಗಳು ಬಹಿರಂಗಪಡಿಸುವಂತಿಲ್ಲ. 1996ರಲ್ಲಿ ಮುಂಬಯಿಯಲ್ಲಿ ಮೊದಲಾದ ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆಮಾಡಬಹುದು, ಹಿರಿಯರೂ ಮಾಡಬಹುದು. ವೃದ್ಧರ ಕಷ್ಟಕ್ಕೆ 14567, ಮಹಿಳೆಯರಿಗೆ 181, ತುರ್ತು ಸಂದರ್ಭಕ್ಕೆ 112. ಅಂಗವಿಕಲರ ಮೇಲೆ ದೌರ್ಜನ್ಯ ನಡೆಯುತ್ತಿದೆಯೆಂದು ತಿಳಿದವರು, ಅವರ ಹಕ್ಕುಗಳಿಗಾಗಿ 2016ರಲ್ಲಿ ಬಂದ ಕಾಯಿದೆಯಂತೆ, ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ಕೊಡಬಹುದು. ಈ ಸಂಖ್ಯೆಗಳನ್ನು ಭಜನೆಯ ಹಜಾರದ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದು ಹಚ್ಚುವುದರಿಂದ ದೇವರ ಪಟಗಳಿಗೆ ಅಪಚಾರವೇನೂ ಆಗದು.

ಅನುಮಾನವೋ, ಆದರವೋ?

"ಇಷ್ಟೆಲ್ಲ ಕಟ್ಟಳೆ ಹಾಕಿದರೆ ಭಜನೆಯ ಮನೆ ಕಚೇರಿಯಾಗಿಬಿಡುತ್ತದೆ, ಸಜ್ಜನರನ್ನೂ ಅನುಮಾನಿಸಿದಂತಾಗುತ್ತದೆ" ಎಂದು ಆಕ್ಷೇಪಿಸುವವರುಂಟು. ಅವರ ಮಾತಿನಲ್ಲಿ ನೋವಿದೆ. ಸಂಬಳವಿಲ್ಲದೆ ವರ್ಷಾನುಗಟ್ಟಲೆ ಮಕ್ಕಳಿಗೆ ಹಾಡು ಕಲಿಸಿದವರಿಗೆ ನೋವಾಗುವುದು ಅಸಹಜವೂ ಅಲ್ಲ. ಆದರೆ ಕಟ್ಟಳೆ ಎಲ್ಲರಿಗೂ ಒಂದೇ ಆದಾಗ ಅದು ಯಾರ ಮೇಲಿನ ಅನುಮಾನವೂ ಅಲ್ಲ. ದೇವಾಲಯದ ಹುಂಡಿಯನ್ನು ಹತ್ತು ಮಂದಿಯ ಎದುರಿನಲ್ಲಿ ತೆರೆದು ಎಣಿಸುವುದರಿಂದ ಅರ್ಚಕರಿಗೆ ಅವಮಾನವಾಗುವುದಿಲ್ಲ. ಅವರ ಹೆಸರು ಉಳಿಯುವುದು ಅದರಿಂದಲೇ. ತೆರೆದ ಬಾಗಿಲು ಮಗುವನ್ನು ಕಾಯುವಂತೆಯೇ ನಿರ್ದೋಷಿಯಾದ ಗುರುವನ್ನೂ ಅಪವಾದದಿಂದ ಕಾಯುತ್ತದೆ.

ಹೆದರಿ ಕೂಟವನ್ನೇ ನಿಲ್ಲಿಸಿಬಿಡುವುದೂ ಪರಿಹಾರವಲ್ಲ. ಹಾಗಾದರೆ ಒಂಟಿ ವೃದ್ಧೆಯ ಸಂಜೆ ಬರಿದಾಗುವುದು; ಕಣ್ಣಿಲ್ಲದ ಹುಡುಗನಿಗೆ ಇದ್ದ ಒಂದು ಸ್ನೇಹಕೂಟವೂ ಇಲ್ಲವಾಗುವುದು. ಹುಣ್ಣಾದೀತೆಂದು ಬೆರಳನ್ನೇ ಕಡಿದುಕೊಳ್ಳುವವರುಂಟೆ?

ಇನ್ನು ಆ ಅಜ್ಜಿಯ ಮಾತು. ಮೊಮ್ಮಗಳು ಗೋಡೆಯ ಕಡೆಗೆ ಮುಖ ತಿರುಗಿಸಿದಾಗ ಆಕೆ ಮಾಡಬಹುದಾದ ಕೆಲಸ ಒಂದೇ. ಕೈಚೀಲವನ್ನು ಬದಿಗಿಟ್ಟು, ಅಂದಿನ ಭಜನೆಯನ್ನು ಬಿಟ್ಟು, ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವುದು.

"ಹೋಗುವುದು ಬೇಡ, ಬಿಡು. ನಾನೂ ಹೋಗುವುದಿಲ್ಲ. ಏನಾಯಿತೆಂದು ಹೇಳಬೇಕೆನಿಸಿದರೆ ಹೇಳು, ನಾನು ಬೈಯುವುದಿಲ್ಲ."

ಮಗು ಅಂದೇ ಹೇಳದಿರಬಹುದು. ಮರುದಿನ ಹೇಳಬಹುದು, ವಾರ ಕಳೆದ ಮೇಲೆ ಹೇಳಬಹುದು; ಹೇಳುವಂಥದೇನೂ ಇಲ್ಲದೆ, ನಿಜವಾಗಿಯೂ ಹೊಟ್ಟೆನೋವೇ ಇದ್ದು, ಓಮದ ಕಷಾಯದಿಂದ ವಾಸಿಯಾಗಲೂಬಹುದು. ಏನಾದರೇನು, ಕೇಳುವವರೊಬ್ಬರು ಮನೆಯಲ್ಲಿದ್ದಾರೆಂಬುದು ಆ ಮಗುವಿಗೆ ಗೊತ್ತಾದಂತಾಯಿತು.

ಅತ್ತ ಭಜನೆಯ ಮನೆಯಲ್ಲಿಯೂ ಎಂಟೂವರೆಗೆ ಮಂಗಳ ಹಾಡಿ, ಪ್ರಸಾದ ಹಂಚಿ, ಜಮಖಾನ ಸುತ್ತಿಡುವ ವೇಳೆಗೆ ಯಾರಾದರೊಬ್ಬರು ಆ ಎರಡು ನೂರು ಪುಟದ ಪುಸ್ತಕವನ್ನು ಹಿಡಿದು ಬಾಗಿಲಲ್ಲಿ ನಿಲ್ಲಲಿ. ಯಾವ ಮಗು ಯಾರೊಡನೆ ಹೋಯಿತು, ಯಾವ ತಾತನನ್ನು ಯಾರು ಕೈಹಿಡಿದು ರಸ್ತೆ ದಾಟಿಸಿದರು ಎಂದು ಒಂದೊಂದೇ ಹೆಸರಿಗೆ ಗುರುತು ಹಾಕಲಿ. ಕೊನೆಯ ಹೆಸರಿಗೂ ಗುರುತು ಬಿದ್ದ ಮೇಲೆ ದೀಪ ಆರಿಸಿ ಬೀಗ ಹಾಕಲಿ. ಅಂದಿನ ಭಜನೆ ಮುಗಿಯುವುದು ಆಗಲೇ.